ನಡುವ ನಿಂತ ಮೂವರು

ಶಾಲುಬಾಯಿ ಅಕ್ಕಾರ,

ಭಾಲ್ಕಿ ಯಾವ ರಾಜ್ಯಕ್ಕ ಸೇರಬೇಕಂತ ಜಗಳಾಡಿ ನಾವು ಮಾತು ಬಿಟ್ಟೀವಿ. ಹಿಂಗಾಗಿ ಈ ಪತ್ರ ನೀವಿರೋ ಉದಗೀರಕ್ಕ ಹಾಕಂಗಿಲ್ಲ. ಆದರ ಇವತ್ತು ಸಾಲ್ಯಾಗ ಆದದ್ದು ನಿಮಗೇ ಹೇಳಬೇಕು ಅನಸ್ತದ.

ನಿಮ್ಮ ಲೆಕ್ಕದ ಕ್ಲಾಸು ಈಗ ನಾನೇ ತಗೋತೇನಿ. ಹಲಗಿ ಮ್ಯಾಲ ಬರದೆ: ಒಂದು ಊರಾಗ ಶೇಕಡಾ ಎಪ್ಪತ್ತು ಮಂದಿಗಿ ಕನ್ನಡ ಬರ್ತದ, ಅರವತ್ತು ಮಂದಿಗಿ ಮರಾಠಿ. ಒಂದೂ ಬಾರದವರು ಯಾರೂ ಇಲ್ಲ. ಎರಡೂ ಬರೋರು ಎಷ್ಟು?

ಮೆಹಕರದ ಮಚ್ಛೇಂದ್ರ ಎದ್ದು, "ನೂರಾ ಮೂವತ್ತು ಆಗ್ತದರಿ. ನೂರರಾಗ ಅಷ್ಟು ಮಂದಿ ಹ್ಯಾಂಗರಿ?" ಅಂದ.

ನೀವಿದ್ರ ಹ್ಯಾಂಗ ತಿಳಿಸ್ತಿದ್ರೋ. ನಾನು ಏಳು ಮಂದಿಗಿ ಕನ್ನಡ, ಆರು ಮಂದಿಗಿ ಮರಾಠಿ ಬರೋ ಹಂಗ ಹತ್ತು ಮಕ್ಕಳನ್ನ ಆರಿಸಿ, ಕನ್ನಡದವರು ಕಿಡಕಿ ಕಡಿ, ಮರಾಠಿಯವರು ಬಾಗಿಲ ಕಡಿ ಹೋಗ್ರಿ ಅಂದೆ. ಮೂವರು ನಡುವೇ ಉಳದ್ರು.

"ಎರಡೂ ಬರ್ತಾವರಿ ಬಾಯಾರ, ನಾ ಎಲ್ಲಿ ನಿಲ್ಲಲಿ?" ಅಂದಳು ಕೌಸಲ್ಯಾ.

ಮಚ್ಛೇಂದ್ರ ಅವರನ್ನೇ ನೋಡಿದ. "ಇವರನ್ನ ಎರಡೂ ಕಡಿ ಎಣಿಸೀವರಿ. ಹತ್ತರಾಗ ಮೂವರು, ನೂರರಾಗ ಮೂವತ್ತು. ಹೆಚ್ಚಾದದ್ದು ಇವರೇರಿ."

ಕೌಸಲ್ಯಾ ಕೇಳಿದಳು, "ಮರಾಠಿ ಮಂದಿ ಹೆಚ್ಚಿರೋ ಉದಗೀರದಾಗೂ ಹಿಂಗ ನಡುವ ನಿಲ್ಲೋರು ಇದ್ದಾರೇನರಿ?"

"ಒಬ್ಬರು ಇದ್ದಾರ" ಅಂದೆ.

"ಯಾರರಿ?"

ನಿಮ್ಮ ಹೆಸರು ಹೇಳಲಿಕ್ಕ ಆಗಲಿಲ್ಲ ಅಕ್ಕಾರ. ಹಲಗಿ ಒರಸಿ ಮುಂದಿನ ಲೆಕ್ಕ ಬರದೆ.

ಕಸ್ತೂರಿ