ಮಾವನ ಹೆಸರು

ಅಕ್ಟೋಬರ್ ೧೪, ನಾರಿನ್

ಇಪ್ಪತ್ತು ವರ್ಷದಿಂದ ನೋಟರಿಯಾಗಿರುವವಳು, ಹೀಗೆ ಎಡವಿದೆನಲ್ಲ! ಉಮ್ಸುನಾಯ್ ಅಜ್ಜಿ ಮೊಮ್ಮಗಳಿಗೆ ಬರೆದುಕೊಟ್ಟ ಮನೆಯ ಹಳೆಯ ಪತ್ರದಲ್ಲಿ ಮಾಲೀಕ ಅವರ ಮಾವ, ತೆಮಿರ್. ನನ್ನ ರಿಜಿಸ್ಟರಿನಲ್ಲಿ ಬೋಲೋಟ್. ತಾಳೆಯಾಗದಿದ್ದರೆ ದಾನಪತ್ರವೇ ಬಿದ್ದುಹೋಗುತ್ತದೆ. ಅಜ್ಜಿಯನ್ನು ಮತ್ತೆ ಕರೆಸಿದೆ.

“ಮಾವನ ಹೆಸರು ಬಾಯಲ್ಲಿ ಹೇಳೋಕಾಗುತ್ತೇನಮ್ಮಾ? ಅವರದು ಕಬ್ಬಿಣದ ಹೆಸರು, ನಾನು ಉಕ್ಕು ಅಂದೆ. ನೀನೂ ಒಬ್ಬಳು ಸೊಸೆ, ಗೊತ್ತಾಗಬಾರದಿತ್ತಾ?”

ನಮ್ಮ ಮಾತಿನಲ್ಲಿ ತೆಮಿರ್ ಎಂದರೆ ಕಬ್ಬಿಣ, ಬೋಲೋಟ್ ಎಂದರೆ ಉಕ್ಕು; ಪತ್ರ ನೋಡದೆ, ಕೇಳಿದ್ದನ್ನೇ ಬರೆದುಕೊಂಡಿದ್ದೆ. ತಪ್ಪಿಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ಹೆಸರು ಬರೆದೆ. ತಿದ್ದಿದ್ದನ್ನು ಗಟ್ಟಿಯಾಗಿ ಓದಿಯೇ ಸಹಿ ಹಾಕಿಸಬೇಕು. ಓದಿದೆ. ಅಜ್ಜಿ ತಟ್ಟನೆ ಎದ್ದು, ತಲೆವಸ್ತ್ರ ಸರಿಮಾಡಿಕೊಂಡು, ಮಾವನೇ ಒಳಗೆ ಬಂದರೇನೋ ಎಂಬಂತೆ ತಲೆಬಾಗಿದರು. ಆಮೇಲೆ ಸಹಿ.

ಮನೆಗೆ ಬರುವ ದಾರಿಯುದ್ದಕ್ಕೂ ನಗು ಬರುತ್ತಿತ್ತು. ಈಗ ನನ್ನ ಮಾವನ ಹೆಸರನ್ನು ಇಲ್ಲಿ ಬರೆದು ನೋಡೋಣವೆಂದರೆ, ಕೈ ಏಳುತ್ತಿಲ್ಲ.