ಇಳಿಯದ ಬುಟ್ಟಿ

ಕೈರೋ, ಏಪ್ರಿಲ್ ೧೪, ಮಂಗಳವಾರ.

ಬೆಳಿಗ್ಗೆ ಮೇಲಿನ ಮನೆಯ ಇನ್ಶಿರಾ ಅಜ್ಜಿ ರೊಟ್ಟಿಗೆಂದು ದಿನವೂ ಹಗ್ಗ ಕಟ್ಟಿ ಬೀದಿಗೆ ಇಳಿಬಿಡುವ ಬುಟ್ಟಿ ನನ್ನ ಕಿಟಕಿಯ ಮುಂದೆ ಇಳಿಯಲೇ ಇಲ್ಲ. ಕೆಳಗೆ ಅಂಗಡಿಯ ಅರಫಾ ಬಿಸಿ ರೊಟ್ಟಿ ಹಿಡಿದು ಕಾಯುತ್ತ ನಿಂತಿದ್ದ. ಒಗೆದ ಬಟ್ಟೆಯ ನೀರನ್ನು ನನ್ನ ಒಣಬಟ್ಟೆಗಳ ಮೇಲೆ ಬೀಳಿಸುತ್ತಾಳೆಂದು ಆ ಮುದುಕಿಯೊಂದಿಗೆ ರಂಜಾನಿನಿಂದ ಮಾತು ಬಿಟ್ಟಿದ್ದೇನೆ. ಆದರೂ ಮೇಲೆ ಓಡಿ ಬಾಗಿಲು ಬಡಿದೆ. ಉತ್ತರವಿಲ್ಲ. ಹಾಗೆಯೇ ಮೆಟ್ಟಿಲಿಳಿದು ಬೀದಿಗೆ ಓಡಿದೆ.

ಕೊನೆಗೆ ಸಿಕ್ಕಿದ್ದು ಎದುರಿನ ಪಾರ್ಕಿನಲ್ಲಿ. ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದಳು.

"ಲಿಫ್ಟ್ ರಿಪೇರಿ ಆಯ್ತಲ್ಲೇ, ನಾನೇ ಇಳಿದು ಬಂದೆ. ನನ್ನ ಹುಡುಕ್ಕೊಂಡು ಬಂದ್ಯಾ?"

"ಇಲ್ಲ, ಸುಮ್ನೆ ಗಾಳಿಗೆ ಬಂದೆ."

"ಬರಿಗಾಲಲ್ಲಾ?"

ಈಗ ಹೊರಗೆ ತಂತಿಯಲ್ಲಿರುವ ನನ್ನ ಬಿಳಿ ಹೊದಿಕೆಯ ಮೇಲೆ ಮತ್ತೆ ನೀರು ತೊಟ್ಟಿಕ್ಕುವ ಸದ್ದು. ಎದ್ದು ತೆಗೆಯಬೇಕು. ನೆನೆಯಲಿ ಬಿಡು. ಮುದುಕಿ ಮನೆಯಲ್ಲಿದ್ದಾಳೆ.