ಬಾಗಿಲಿಗೆ ಸಿಕ್ಕಿದ ಬೆರಳು

ಬಸವಂತ ಅವರಿಗೆ,

ಅತ್ಯಂತ ಗಂಭೀರ ವಿಷಯ: ಮೊಸರು ಹುಳಿಯಾಗಿದೆ. ಚಮಚದಲ್ಲಿ ಉಣ್ಣಿ, ಬಲಗೈಯ ಪಟ್ಟಿ ನೆನೆಸಬೇಡಿ.

ನಿನ್ನೆ ನನ್ನನ್ನು ಹೊಡೆದು ಕೈ ಊದಿಸಿಕೊಂಡು, ಪಟ್ಟಿ ಕಟ್ಟಿಸಲು ನಾನು ಕೆಲಸ ಮಾಡುವ ಆಸ್ಪತ್ರೆಗೇ ಹೋದಿರಿ. “ಬಾಗಲಿಗೆ ಸಿಕ್ತ್ರೀ ಸಿಸ್ಟರ್” ಅಂದಿರಂತೆ. ಮೆಹರೀನ ಸಿಸ್ಟರ್ ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡಳು. ಅದರ ಕೆಳಗಿನ ಹೆಸರು ನನ್ನದು, ದವಡೆಗೆ ಪೆಟ್ಟು.

ನಾಲ್ಕು ವರ್ಷ ಬಚ್ಚಲಲ್ಲಿ ಜಾರಿದೆ ಎಂದೇ ಬರೆಸಿದ್ದೆ. ಈ ಸಲ ಡಾಕ್ಟರು, “ಮತ್ತ ಬಚ್ಚಲಾ ಏನ್ರೀ ಸುವರ್ಣಾ?” ಅಂದರು.

“ಅಲ್ರೀ, ಗಂಡ” ಅಂದೆ.

ಅವರು ಎರಡೂ ಸಾಲು ಓದಿ ಪೊಲೀಸರಿಗೆ ಫೋನು ಮಾಡಿದರು.

ನೀವು ಎದ್ದು ಇದನ್ನು ಓದುವಾಗ ಠಾಣೆಯವರು ಬಾಗಿಲು ಬಡಿಯುತ್ತಿರುತ್ತಾರೆ. ನಿಧಾನಕ್ಕೆ ತೆಗೆಯಿರಿ, ಮತ್ತೆ ಬೆರಳು ಸಿಕ್ಕೀತು.

ದೂರಿಗೆ ಸಹಿ ಹಾಕಿದ್ದೇನೆ.

ಸುವರ್ಣಾ